ಈ ಊರಿನ ಪದ್ಧತಿ

೯ ಫೆಬ್ರವರಿ ೧೯೮೬

ಪ್ರೀತಿಯ ಕಡ್ಡಿ,

ನಿನ್ನ ಹಡಗು ಈಗ ಯಾವ ನೀರಿನ ಮೇಲಿದೆಯೋ, ಈ ಕಾಗದ ಯಾವ ಬಂದರಿನಲ್ಲಿ ನಿನ್ನನ್ನು ಹಿಡಿಯುತ್ತದೋ ಗೊತ್ತಿಲ್ಲ. ಕಂಪನಿಯ ಕಚೇರಿಗೆ ಹಾಕುತ್ತಿದ್ದೇನೆ, ಮುಂದಿನದು ಅವರ ಪಾಡು.

ಅಮ್ಮ ಚೆನ್ನಾಗಿದ್ದಾಳೆ. ಮಂಡಿನೋವು ಇದೆ, ಆದರೆ ಮಂಡಿನೋವಿನ ಬಗ್ಗೆ ಮಾತಾಡಲು ಬೇಕಾದ ಶಕ್ತಿ ಅದಕ್ಕಿಂತ ಹೆಚ್ಚಾಗಿಯೇ ಇದೆ. ನಿನ್ನ ಹಿಂದಿನ ಕಾಗದವನ್ನು ಬೀದಿಗೆಲ್ಲ ಕೇಳುವ ಹಾಗೆ ಓದಿಸಿದಳು. ಹಡಗಿನ ಅಡುಗೆಮನೆಯಲ್ಲಿ ನೀನೀಗ ದೊಡ್ಡ ಬಾಣಸಿಗನ ಬಲಗೈ ಎಂದು ಬರೆದಿದ್ದೆಯಲ್ಲ, ಆ ಸಾಲನ್ನು ಮಾತ್ರ ಮತ್ತೆ ಮತ್ತೆ. ವಿಚಿತ್ರ ನೋಡು. ಡಬ್ಬಿ ಕಾರ್ಖಾನೆಯ ಯಂತ್ರ ನನ್ನ ಬಲಗೈಯನ್ನು ಮಣಿಕಟ್ಟಿನಿಂದ ಆಚೆಗೆ ಕಿತ್ತುಕೊಂಡು ಆರು ವರ್ಷವಾಯಿತು. ಈಗ ನೀನು ಹೋಗಿ ಇನ್ನೊಬ್ಬರ ಬಲಗೈಯಾಗಿ ಕೂತಿದ್ದೀಯ. ಅಂತೂ ಮನೆಗೊಂದು ಬಲಗೈ ವಾಪಸ್ಸು ಬಂತು.

ನನ್ನ ಕೆಲಸ ಎಂದಿನಂತೆ ನಡೆದಿದೆ. ನಗರಸಭೆಯ ಅತಿಥಿಗೃಹದ ಬಾಗಿಲು, ಬಾಗಿಲ ಪಕ್ಕದ ಮೇಜು, ಮೇಜಿನ ಹಿಂದೆ ಬೀಗದಕೈಗಳ ಹಲಗೆ, ಬಂದವರಿಗೆ ‘ಬನ್ನಿ, ಪ್ರಯಾಣ ಸುಖವಾಗಿತ್ತೇ’ ಎನ್ನುವ ನಾನು. ಇದನ್ನು ಬರೆಯುತ್ತಿರುವಾಗ ಪಕ್ಕದಲ್ಲಿ ಫೋನ್ ಹೊಡೆದುಕೊಳ್ಳುತ್ತಲೇ ಇದೆ. ಎಡಗೈಯ ಅಕ್ಷರ ಮೊದಲೇ ಸೊಟ್ಟ, ನಡುನಡುವೆ ಎದ್ದರೆ ಇನ್ನೂ ಸೊಟ್ಟ. ಸಹಿಸಿಕೊ.

ಜೂನ್ ತಿಂಗಳಲ್ಲಿ ಇಲ್ಲಿ ದೊಡ್ಡದೊಂದು ಸಮ್ಮೇಳನವಿದೆ. ಹೆರಿಗೆ ಮಾಡಿಸುವ ದಾದಿಯರದು. ಎಲ್ಲೆಲ್ಲಿಯ ದೇಶಗಳಿಂದಲೋ ಬರುತ್ತಾರಂತೆ. ಎಲ್ಲರಿಗೂ ನಮ್ಮಲ್ಲೇ ವಾಸ. ಸೂಲಗಿತ್ತಿಯರ ಸಂತೆ ಎಂದುಕೊ. ಅದಕ್ಕೇ ನಿನ್ನನ್ನು ಒಂದು ಮಾತು ಕೇಳಬೇಕು. ನಿನ್ನ ಹಡಗಿನಲ್ಲಿ ಹತ್ತು ದೇಶದವರು ಇದ್ದಾರೆ, ಎಲ್ಲರೂ ನನ್ನ ದೋಸ್ತಿಗಳು ಎಂದು ಬರೆದಿದ್ದೆ. ಅವರವರ ಊರಿನಲ್ಲಿ ಒಬ್ಬರಿಗೊಬ್ಬರು ಎದುರಾದರೆ ಏನು ಮಾಡುತ್ತಾರೆ? ಎಲ್ಲರೂ ಕೈಯನ್ನೇ ಕುಲುಕುತ್ತಾರೋ, ಬೇರೆ ಏನಾದರೂ ಇದೆಯೋ? ಒಬ್ಬೊಬ್ಬರನ್ನೂ ಕೂರಿಸಿ ಕೇಳಿ ಬರೆ. ಸುಮ್ಮನೆ ತಿಳಿದುಕೊಳ್ಳೋಣ ಎಂದು, ಬೇರೆ ಏನಿಲ್ಲ.

ಅಮ್ಮನ ಆಶೀರ್ವಾದ. ಸರಿಯಾಗಿ ತಿನ್ನು.

ನಿನ್ನ ಅಕ್ಕ


೧೮ ಮಾರ್ಚ್ ೧೯೮೬

ಅಕ್ಕಾ,

ನಿನ್ನ ಕಾಗದ ಮೊನ್ನೆ ಬಂದರಿನಲ್ಲಿ ಸಿಕ್ಕಿತು. ನಾನು ಚೆನ್ನಾಗಿದ್ದೇನೆ. ಎಲ್ಲರೂ ನನ್ನನ್ನು ತುಂಬ ಹಚ್ಚಿಕೊಂಡಿದ್ದಾರೆ ಎಂದು ಅಮ್ಮನಿಗೆ ಹೇಳು.

ನೀನು ಕೇಳಿದ್ದನ್ನು ವಿಚಾರಿಸಿದೆ. ಮೊದಲು ಸಿಕ್ಕವನು ಚುಕ್ಕಾಣಿ ಹಿಡಿಯುವವನು. ದೊಡ್ಡ ಸಮುದ್ರದ ನಡುವಿನ ದ್ವೀಪದವನು, ಬಾಗಿಲಷ್ಟು ಅಗಲ. ಅವನ ಜೊತೆ ಅದೇ ಮೊದಲು ನಾನು ಮಾತಾಡಿದ್ದು, ಅಂದರೆ ಇಷ್ಟು ಹೊತ್ತು ಮಾತಾಡಿದ್ದು. ‘ನಿಮ್ಮ ಕಡೆ ಹೇಗೆ’ ಎಂದು ಕೇಳಿದರೆ ಬಾಯಲ್ಲಿ ಹೇಳಲಿಲ್ಲ. ನನ್ನ ಹೆಗಲು ಹಿಡಿದು, ಹಣೆಗೆ ಹಣೆ, ಮೂಗಿಗೆ ಮೂಗು ಒತ್ತಿ ಸುಮ್ಮನೆ ನಿಂತ. ಇಬ್ಬರೂ ಒಂದೇ ಉಸಿರನ್ನು ಹಂಚಿಕೊಳ್ಳಬೇಕಂತೆ. ನಾನು ಆಗಷ್ಟೇ ಈರುಳ್ಳಿ ಹೆಚ್ಚಿ ಬಂದಿದ್ದೆ. ಪಾಪ, ಅವನು ಏನೂ ಅನ್ನಲಿಲ್ಲ.

ಇಂಜಿನ್ನಿಗೆ ಎಣ್ಣೆ ಹಾಕುವವನು ಮರಳುಗಾಡಿನ ಅಂಚಿನವನು. ಅವನು ಬಲಗೈಯನ್ನು ಎದೆಯ ಮೇಲಿಟ್ಟುಕೊಂಡು ಶುರು ಮಾಡಿದ: ನೀನು ಕ್ಷೇಮವೇ, ಮನೆ ಕ್ಷೇಮವೇ, ತಾಯಿ ಕ್ಷೇಮವೇ, ನಿದ್ದೆ ಚೆನ್ನಾಗಿ ಬಂತೇ, ದನಕರು ಕ್ಷೇಮವೇ. ಇಂಜಿನ್ ಕೋಣೆಯಲ್ಲಿ ನಿಂತು ಇಲ್ಲದ ದನಕರುಗಳಿಗೆಲ್ಲ ನಾನು ಕ್ಷೇಮ ಕ್ಷೇಮ ಎನ್ನುತ್ತಾ ಹೋದೆ. ಅವಸರ ಮಾಡಿದರೆ ಮರ್ಯಾದೆ ಹೋಗುತ್ತದಂತೆ. ವೈರ್‌ಲೆಸ್‌ನವನ ಕಡೆ ಮುಟ್ಟುವುದೇ ಇಲ್ಲ, ಬಾಗುವುದು. ಎದುರಿನವರು ಎಷ್ಟು ದೊಡ್ಡವರೋ ಸೊಂಟ ಅಷ್ಟು ಬಾಗಬೇಕು. ಬಣ್ಣ ಬಳಿಯುವವನ ಊರಿನಲ್ಲಿ ಅಂಗೈಗಳನ್ನು ಬೋಗುಣಿಯ ಹಾಗೆ ಮಾಡಿ ಮೆಲ್ಲಗೆ ಚಪ್ಪಾಳೆ ತಟ್ಟುತ್ತಾರೆ. ನಮ್ಮ ದೊಡ್ಡ ಬಾಣಸಿಗನದು ಕೆನ್ನೆಗೆ ಕೆನ್ನೆ ಒತ್ತುವ ಊರು. ಯಾವ ಕೆನ್ನೆ ಮೊದಲು, ಎಷ್ಟು ಸಲ ಎನ್ನುವುದು ಊರೂರಿಗೆ ಬೇರೆಯಂತೆ. ತಪ್ಪಿದರೆ ಮೂಗಿಗೆ ಮೂಗು ಹೊಡೆಯುತ್ತದೆ, ಆಗ ಚುಕ್ಕಾಣಿಯವನ ಪದ್ಧತಿ ಆಗಿಹೋಗುತ್ತದೆ ಎಂದು ನಕ್ಕ.

ಆದ್ದರಿಂದ ಹೆದರಬೇಡ, ಲೋಕವೆಲ್ಲ ಕೈ ಕುಲುಕುವುದಿಲ್ಲ. ಕುಲುಕುವವರು ಬಂದರೆ ಮಾತ್ರ ಕಷ್ಟ. ಎಡಗೈ ಕೊಟ್ಟರೆ ತಮ್ಮ ಕಡೆ ಮುಖಕ್ಕೆ ಉಗಿದ ಹಾಗೆ ಎಂದು ಎಣ್ಣೆಯವನು ಹೇಳಿದ. ಆಸ್ಪತ್ರೆಯವರು ಕೊಟ್ಟ ರಬ್ಬರ್ ಕೈ ಬೀರುವಿನಲ್ಲಿ ಇದೆಯಲ್ಲ, ಆ ನಾಲ್ಕು ದಿನ ಅದನ್ನು ಹಾಕಿಕೊಂಡುಬಿಡು. ನೋಡುವವರಿಗೂ ಮುಜುಗರ ಇರುವುದಿಲ್ಲ.

ನಿನ್ನ
ಕಡ್ಡಿ


೨೭ ಏಪ್ರಿಲ್ ೧೯೮೬

ಅಕ್ಕಾ,

ಎರಡು ಬಂದರು ದಾಟಿದೆವು. ಎರಡರಲ್ಲೂ ಎಲ್ಲರಿಗೂ ಕಾಗದ ಇತ್ತು, ನನಗೆ ಇರಲಿಲ್ಲ. ನನ್ನ ಕಾಗದ ತಲುಪಿಲ್ಲವೋ, ಅಮ್ಮನಿಗೆ ಹುಷಾರಿಲ್ಲವೋ? ಒಂದು ಸಾಲಾದರೂ ಬರೆ.

ಎಣ್ಣೆಯವನು ದಿನಾ ಬೆಳಿಗ್ಗೆ ನಿನ್ನ ಕ್ಷೇಮವನ್ನೂ ಕೇಳುತ್ತಾನೆ. ಕ್ಷೇಮ ಎನ್ನುತ್ತೇನೆ. ಬಾಯಿಗೆ ಬಂದದ್ದನ್ನು ಹೇಳುತ್ತಿದ್ದೇನೆ ಎಂದು ಅವನಿಗೆ ಈಗ ಅನುಮಾನ ಬಂದಿದೆ.

ಕಡ್ಡಿ


೯ ಮೇ ೧೯೮೬

ತಮ್ಮನಿಗೆ,

ನಿನ್ನ ಎರಡು ಕಾಗದಗಳೂ ತಲುಪಿವೆ. ಅಮ್ಮ ಹುಷಾರಾಗಿದ್ದಾಳೆ. ಬರೆಯದೆ ಇದ್ದದ್ದು ಬೇಕೆಂದೇ.

ಇಲ್ಲಿಂದ ಮುಂದಿನದನ್ನು ಅಮ್ಮನಿಗೆ ಓದಿ ಹೇಳುವುದಿಲ್ಲ. ನಾನು ಜನವರಿಯಿಂದ ಬಾಗಿಲಲ್ಲಿಲ್ಲ. ಫೋನ್ ಕೋಣೆಯಲ್ಲಿದ್ದೇನೆ. ಮೆಟ್ಟಿಲ ಕೆಳಗಿನ ಆ ಗೂಡು ನಿನಗೆ ನೆನಪಿರಬಹುದು, ಹಿಂದೆ ಅಲ್ಲಿ ಪೊರಕೆ, ಬಕೆಟ್ಟು ಇಡುತ್ತಿದ್ದರು. ಒಂದು ಕಿಟಕಿ ಇದೆ, ಅದರಲ್ಲಿ ಬಾಗಿಲ ಮೆಟ್ಟಿಲು ಕಾಣುತ್ತದೆ. ಸಮ್ಮೇಳನದ ಸುದ್ದಿ ಬಂದ ವಾರವೇ ಮ್ಯಾನೇಜರು ನನ್ನನ್ನು ಕರೆದರು. ಕೂರಿಸಿ, ನೀರು ಕೊಡಿಸಿ, ನನ್ನ ದನಿ ಎಷ್ಟು ಚೆನ್ನಾಗಿದೆ ಎಂದು ಹೊಗಳಿದರು. ಹೊಗಳಿಕೆ ಉದ್ದವಾದಾಗಲೇ ನನಗೆ ತಿಳಿಯಿತು. ಕೊನೆಗೆ ಅಂದರು:

“ಹೊರಗಿನವರು ಬರ್ತಾರೆ. ಬಂದ ತಕ್ಷಣ ಕೈ ಚಾಚ್ತಾರೆ. ಕೈ ಕುಲುಕೋಕೆ ಕೈ ಬೇಕಲ್ಲಮ್ಮ. ಅವರಿಗೂ ಮುಜುಗರ, ನಿನಗೂ ಮುಜುಗರ.”

ನನಗೆ ಮುಜುಗರವಿಲ್ಲ ಎಂದೆ. ಕಾಗದಪತ್ರ ಜೋಡಿಸುತ್ತಾ, ಅದು ನಿನ್ನ ದೊಡ್ಡತನ ಎಂದರು. ಬಾಗಿಲಿಗೆ ಒಬ್ಬ ಹೊಸ ಹುಡುಗಿಯನ್ನು ತಂದಿದ್ದಾರೆ. ಒಳ್ಳೆಯ ಹುಡುಗಿ, ಎರಡು ಕೈಗಳೂ ಇವೆ, ಆದರೆ ಯಾರಾದರೂ ಜೋರಾಗಿ ಮಾತಾಡಿದರೆ ಬೀಗದಕೈ ಕೆಳಗೆ ಬೀಳಿಸುತ್ತಾಳೆ.

ಅದಕ್ಕೇ ನಿನ್ನನ್ನು ಕೇಳಿದ್ದು. ಕೈ ಕುಲುಕದ ಜನವೂ ಲೋಕದಲ್ಲಿದ್ದಾರೆ, ನಾನು ಅವರನ್ನು ಅವರ ರೀತಿಯಲ್ಲೇ ಬರಮಾಡಿಕೊಳ್ಳುತ್ತೇನೆ ಎಂದು ಮ್ಯಾನೇಜರಿಗೆ ಹೇಳಬೇಕೆಂದಿದ್ದೆ. ನಿನ್ನ ಕಾಗದ ಓದುತ್ತಾ ಎಷ್ಟು ಖುಷಿಯಾಯಿತು ಗೊತ್ತೇ? ಕೊನೆಯ ಸಾಲಿನವರೆಗೆ. ಅಲ್ಲಿ ಮ್ಯಾನೇಜರ ಮಾತೇ ನಿನ್ನ ಅಕ್ಷರದಲ್ಲಿತ್ತು. ಅದೇ ಮುಜುಗರ. ಮ್ಯಾನೇಜರು ಹೊರಗಿನವರು, ಏನು ಬೇಕಾದರೂ ಅಂದುಕೊಳ್ಳಲಿ. ನೀನು, ಆಸ್ಪತ್ರೆಯಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಮಲಗಿದವನು.

ರಬ್ಬರ್ ಕೈ ಹಾಕಿ ನೋಡಿದ್ದೇನೆ. ಅದು ತಣ್ಣಗಿರುತ್ತದೆ, ಕಡ್ಡಿ. ಹಿಡಿದವರು ಬೆಚ್ಚಿ ಬಿಡುತ್ತಾರೆ, ಆಮೇಲೆ ನನ್ನ ಮುಖ ನೋಡುವುದಿಲ್ಲ. ನನ್ನ ಮೋಟುಗೈ ಬೆಚ್ಚಗಿದೆ. ಅದು ನನ್ನದು. ಬೀರುವಿನಲ್ಲಿ ಇರುವುದು ನನ್ನದಲ್ಲ.

ನಿನ್ನ ದೋಸ್ತಿಗಳಿಗೆ ನನ್ನ ಕೈಯ ವಿಷಯ ಹೇಳಿಲ್ಲ ಎಂದು ನಿನ್ನ ಕಾಗದದಿಂದಲೇ ಗೊತ್ತಾಗುತ್ತದೆ. ಹೇಳಲು ನಿನಗೆ ಮುಜುಗರವೇನೋ.

ಅಕ್ಕ


೧೨ ಜೂನ್ ೧೯೮೬

ಅಕ್ಕಾ,

ಬೈದದ್ದು ಸರಿಯಾಗಿಯೇ ಇದೆ. ನನ್ನ ಸಾಲನ್ನು ನಾನೇ ಮತ್ತೆ ಓದಿಕೊಳ್ಳಲು ಆಗದು, ಅದು ನಿನ್ನ ಹತ್ತಿರವಿದೆ. ಇದ್ದಿದ್ದರೆ ಹರಿದು ಕಡಲಿಗೆ ಹಾಕುತ್ತಿದ್ದೆ.

ಅವರಿಗೆ ಹೇಳಿರಲಿಲ್ಲ, ನಿಜ. ನಾಚಿಕೆಯಿಂದಲ್ಲ. ಹೇಳಿದರೆ ‘ಅಯ್ಯೋ ಪಾಪ’ ಅಂದುಬಿಡುತ್ತಾರೇನೋ ಎಂದು. ನಿನಗೆ ಯಾರಾದರೂ ಪಾಪ ಅಂದರೆ ನನಗೆ ಮೈ ಉರಿಯುತ್ತದೆ, ನಿನಗೇ ಗೊತ್ತು.

ನಿನ್ನ ಕಾಗದ ಓದಿದ ದಿನ ಊಟದ ಮೇಜಿನಲ್ಲಿ ಎಲ್ಲವನ್ನೂ ಹೇಳಿದೆ. ಯಂತ್ರದ ಕತೆ, ಎಡಗೈಯಲ್ಲಿ ಬರೆಯಲು ಕಲಿತ ಕತೆ, ಮೆಟ್ಟಿಲ ಕೆಳಗಿನ ಗೂಡು. ಯಾರೂ ಪಾಪ ಅನ್ನಲಿಲ್ಲ. ಚುಕ್ಕಾಣಿಯವನು ಬ್ರೆಡ್ಡು ಅಗಿಯುತ್ತಾ ಕೇಳಿದ:

“ಮೂಗು ಇದೆಯೋ?”

ಇದೆ ಎಂದೆ.

“ಹಾಗಾದ್ರೆ ನಮ್ಮ ಕಡೆಯವರಿಗೆ ತೊಂದರೆ ಇಲ್ಲ.”

ಕೆನ್ನೆಗಳು ಎರಡೂ ಇವೆಯಲ್ಲ, ನಮ್ಮ ಕಡೆಯವರಿಗೂ ಇಲ್ಲ ಎಂದ ದೊಡ್ಡ ಬಾಣಸಿಗ. ಆಮೇಲೆ ಅದೇ ಚರ್ಚೆ. ಸೂಪು ಆರಿಹೋಯಿತು. ಕೊನೆಗೆ ಎಲ್ಲರೂ ಒಪ್ಪಿದ್ದು ಎಣ್ಣೆಯವನ ಮಾತನ್ನು: ಕೈ ಚಾಚಿದವರ ಮುಂದೆ ನೀನು ಬಲತೋಳನ್ನು ಎದೆಯ ಮೇಲಿಟ್ಟು ತಲೆ ಬಾಗಿಸು. ಎದೆಯ ಮೇಲೆ ಇಟ್ಟದ್ದನ್ನು ಯಾವ ದೇಶದವರೂ ಅವಮಾನ ಅಂದುಕೊಳ್ಳುವುದಿಲ್ಲ. ಮ್ಯಾನೇಜರಿಗೆ ಹೀಗೆ ಹೇಳಿ ನೋಡು. ಈ ಕಾಗದ ನಿನಗೆ ಸಮ್ಮೇಳನದ ಒಳಗೆ ಸಿಗಲಿ ಎಂದು ವೈರ್‌ಲೆಸ್‌ನವನು ತಾನೇ ದಡಕ್ಕೆ ಇಳಿದು ಅಂಚೆಗೆ ಹಾಕುತ್ತೇನೆ ಎಂದಿದ್ದಾನೆ.

ಕಡ್ಡಿ


೨೨ ಜೂನ್ ೧೯೮೬

ಪ್ರೀತಿಯ ಕಡ್ಡಿ,

ಮೇ ತಿಂಗಳಲ್ಲಿ ಬರೆದ ನನ್ನ ಕಾಗದಕ್ಕೆ ನಿನ್ನ ಉತ್ತರ ಇನ್ನೂ ಬಂದಿಲ್ಲ. ಮುನಿದಿದ್ದೀಯೋ ಏನೋ. ಮುನಿದಿದ್ದರೂ ಇದನ್ನು ಓದು, ಕೂತು ಓದು. ಬೇಕಾದರೆ ಜೋರಾಗಿಯೂ ಓದು.

ದಾದಿಯರು ಸೋಮವಾರ ಸಂಜೆಯ ರೈಲಿಗೆ ಬರಬೇಕಿತ್ತು. ಮ್ಯಾನೇಜರು ಮಧ್ಯಾಹ್ನವೇ ಹೂಗುಚ್ಛ ಹಿಡಿದು ನಿಲ್ದಾಣಕ್ಕೆ ಹೋದರು. ಆದರೆ ಅವರು ಬಂದರಿನಿಂದ ನೇರವಾಗಿ ಎರಡು ಬಸ್ಸು ಮಾಡಿಕೊಂಡು ಬಂದುಬಿಟ್ಟರು. ಕಿಟಕಿಯಿಂದ ನೋಡುತ್ತೇನೆ, ಮೆಟ್ಟಿಲ ತುಂಬ ಪೆಟ್ಟಿಗೆಗಳು, ಚೀಲಗಳು, ಬಣ್ಣಬಣ್ಣದ ಉಡುಪಿನ ಹೆಂಗಸರು. ಒಬ್ಬಳು ಆಗಲೇ ಬೂಟು ಬಿಚ್ಚಿ ಕಾಲು ಉಜ್ಜಿಕೊಳ್ಳುತ್ತಿದ್ದಾಳೆ. ಬಾಗಿಲಲ್ಲಿ ಯಾರೂ ಇಲ್ಲ. ಹೊಸ ಹುಡುಗಿ ನನ್ನ ಗೂಡಿಗೆ ಓಡಿ ಬಂದಳು. ಬೆವರಿ ಹೋಗಿದ್ದಳು.

“ಅಕ್ಕಾ, ಅಷ್ಟು ಜನ. ನನ್ ಕೈಲಿ ಆಗಲ್ಲ. ನೀವೇ ಬನ್ನಿ.”

ಹೋದೆ. ಯೋಚಿಸಿದೆ ಎಂದು ಸುಳ್ಳು ಹೇಳುವುದಿಲ್ಲ. ಅತಿಥಿಗಳು ಬಾಗಿಲಲ್ಲಿ ನಿಂತಿದ್ದಾರೆ, ಬರಮಾಡಿಕೊಳ್ಳಲು ಜನವಿಲ್ಲ, ಇಷ್ಟೇ ತಲೆಯಲ್ಲಿದ್ದದ್ದು. ಹೋಗುತ್ತಾ ಹೋಗುತ್ತಾ ನೀನು ಬರೆದದ್ದನ್ನೆಲ್ಲ ನೆನಪು ಮಾಡಿಕೊಂಡೆ. ಮೂಗಾದರೆ ಮೂಗು, ಕೆನ್ನೆಯಾದರೆ ಕೆನ್ನೆ, ದನಕರುಗಳ ಕ್ಷೇಮವಾದರೆ ಅದೂ ಸರಿ ಎಂದು ಸಿದ್ಧವಾಗಿ ನಿಂತೆ.

ಏನಾಯಿತು ಗೊತ್ತೇ? ಒಬ್ಬರೂ ತಮ್ಮ ಊರಿನ ಹಾಗೆ ಮಾಡಲಿಲ್ಲ. ಮನೆ ಬಿಟ್ಟು ಹೊರಡುವಾಗ ಎಲ್ಲರಿಗೂ ಒಂದೇ ಪಾಠ ಹೇಳಿಕೊಟ್ಟಿದ್ದರೇನೋ, ಪರದೇಶದಲ್ಲಿ ಕೈ ಕುಲುಕಬೇಕು ಎಂದು. ಸಾಲುಸಾಲಾಗಿ ಬಲಗೈಗಳು ನನ್ನ ಕಡೆ ಚಾಚಿಕೊಂಡವು. ನಿನ್ನ ಪಾಠವೆಲ್ಲ ನೀರಿನಲ್ಲಿ ಹೋಮ.

ಎಲ್ಲರಿಗಿಂತ ಮುಂದೆ ಇದ್ದವರು ಒಬ್ಬ ಹಿರಿಯ ದಾದಿ, ಬಿಳಿಯ ಜಡೆ, ಅಗಲವಾದ ಬೆನ್ನು. ಅವರ ಕೈ ನನ್ನ ಎದುರು ಗಾಳಿಯಲ್ಲಿತ್ತು. ಎಡಗೈ ಕೊಡುವಂತಿಲ್ಲ ಎಂದು ನೀನು ಬರೆದಿದ್ದೆ. ಕೈಮುಗಿಯೋಣವೆಂದರೆ ಅದಕ್ಕೂ ಎರಡು ಬೇಕು. ಹಿಂದೆ ಸರಿಯಲು ಮನಸ್ಸು ಒಪ್ಪಲಿಲ್ಲ. ತೋಳನ್ನು ಹೇಗಿತ್ತೋ ಹಾಗೆ, ತುದಿ ಮುಚ್ಚದೆ, ನೇರವಾಗಿ ಮುಂದಕ್ಕೆ ಚಾಚಿದೆ. ‘ಬನ್ನಿ’ ಎಂದೆ.

ಅವರು ನೋಡಿದರು. ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಇನ್ನೂ ಮುಂದಕ್ಕೆ ತಂದು, ನನ್ನ ಮುಂಗೈಯನ್ನು ಮೊಣಕೈಯ ಕೆಳಗೆ ಗಟ್ಟಿಯಾಗಿ ಹಿಡಿದರು. ನನ್ನ ತೋಳಿನ ತುದಿ ಅವರ ಮುಂಗೈಯ ಮೇಲೆ ಕೂತಿತು. ಇನ್ನೊಂದು ಕೈಯ ಹೆಬ್ಬೆರಳಿನಿಂದ ಗಾಯದ ಗೆರೆಯನ್ನು ಒಮ್ಮೆ ಸವರಿ ಏನೋ ಕೇಳಿದರು. ದುಭಾಷಿಯಾಗಿ ಬಂದಿದ್ದ ಶಾಲೆಯ ಟೀಚರು ಹೇಳಲೋ ಬೇಡವೋ ಎಂದು ತಡವರಿಸಿ ಹೇಳಿದರು:

“ಹೊಲಿಗೆ ಯಾರು ಹಾಕಿದ್ದು ಅಂತ ಕೇಳ್ತಿದ್ದಾರೆ.”

“ಇಲ್ಲಿನ ಆಸ್ಪತ್ರೆಯವರು.”

“ಒಳ್ಳೆ ಕೆಲಸಗಾರರು, ಚೆನ್ನಾಗಿ ಹೊಲಿದಿದ್ದಾರೆ ಅಂತಾರೆ.”

ಆರು ವರ್ಷದಲ್ಲಿ ನನ್ನ ತೋಳನ್ನು ನೋಡಿ ಮೆಚ್ಚಿದವರು ಅವರೊಬ್ಬರೇ.

ಹಿಂದೆ ನಿಂತಿದ್ದವಳಿಗೆ ನನ್ನ ತುದಿ ಕಾಣಿಸಿತ್ತೋ ಇಲ್ಲವೋ. ಮುಂದಿನವರು ಮಾಡಿದ್ದನ್ನು ನೋಡಿದ್ದಳು. ಅವಳೂ ನೇರವಾಗಿ ಮುಂಗೈ ಹಿಡಿದಳು. ಅವಳ ಹಿಂದಿನವಳೂ ಹಾಗೇ. ಸಾಲು ಮುಂದುವರಿದಂತೆ ಅನುಮಾನವೇ ಉಳಿಯಲಿಲ್ಲ. ದೂರದಿಂದಲೇ ತೋಳು ಮಡಿಸಿ ತಯಾರಾಗಿ ಬರುತ್ತಿದ್ದರು. ಆಮೇಲೆ ನನ್ನ ಪಕ್ಕಕ್ಕೆ ಬಂದು ನಿಂತಿದ್ದ ಹೊಸ ಹುಡುಗಿಯ ಕೈಯನ್ನೂ ಬಿಟ್ಟು ಮುಂಗೈಯನ್ನೇ ಹಿಡಿದರು. ಅವಳು ನನ್ನ ಮುಖ ನೋಡಿದಳು. ಹಿಡಿಸಿಕೊ ಎಂದು ಕಣ್ಣಲ್ಲೇ ಹೇಳಿದೆ. ಅಷ್ಟರಲ್ಲಿ ಮ್ಯಾನೇಜರು ಬಾಡಿದ ಹೂಗುಚ್ಛದೊಂದಿಗೆ ಓಡೋಡಿ ಬಂದರು. ಸಾಲಿನಲ್ಲಿ ಉಳಿದ ಹೆಂಗಸರು ಅವರನ್ನು ಸುತ್ತುವರಿದು ಒಬ್ಬೊಬ್ಬರಾಗಿ ಮುಂಗೈ ಹಿಡಿದು ಅಲುಗಿಸಿದರು. ಹೂಗುಚ್ಛ ಕೆಳಗೆ ಬಿತ್ತು.

ಮಾರನೆಯ ದಿನ ಪುರಭವನದಲ್ಲಿ ಉದ್ಘಾಟನೆ. ನನ್ನನ್ನು ಕೊನೆಯ ಸಾಲಿನಲ್ಲಿ ಕೂರಿಸಿದ್ದರು. ಬಿಳಿ ಜಡೆಯ ದಾದಿಯೇ ಮೊದಲ ಭಾಷಣಕ್ಕೆ ಎದ್ದರು. ಟೀಚರು ಅನುವಾದ ಮಾಡಿದರು. ಅವರು ಅಂದದ್ದು ಇಷ್ಟು: ನಾನು ತುಂಬ ದೇಶ ಸುತ್ತಿದ್ದೇನೆ, ತುಂಬ ಬಗೆಯಲ್ಲಿ ಬರಮಾಡಿಕೊಂಡಿದ್ದಾರೆ. ಆದರೆ ಮುಂಗೈ ಹಿಡಿದು ಬರಮಾಡಿಕೊಳ್ಳುವ ಊರನ್ನು ಇಲ್ಲೇ ನೋಡಿದ್ದು. ಹೆರಿಗೆಯ ನೋವು ತಡೆಯಲಾರದಾಗ ತಾಯಿ ಹಿಡಿದುಕೊಳ್ಳುವುದು ನಮ್ಮ ಅಂಗೈಯನ್ನಲ್ಲ, ಮುಂಗೈಯನ್ನು. ನಮ್ಮ ಕಸುಬಿನವರಿಗೆ ಇದಕ್ಕಿಂತ ಒಪ್ಪುವ ಸ್ವಾಗತ ಇನ್ನೊಂದಿಲ್ಲ. ಇದನ್ನು ಕಲಿಸಿದ ಊರಿಗೆ ವಂದನೆ.

ಇಡೀ ಸಭೆ ಚಪ್ಪಾಳೆ ತಟ್ಟಿತು. ಅವರಿಗೆ ನಿಜ ಗೊತ್ತಿತ್ತು, ಕಡ್ಡಿ. ಗಾಯವನ್ನು ಬೆರಳಿನಿಂದ ಸವರಿದವರು ಅವರೇ. ಹೇಳುವಾಗ ಕೊನೆಯ ಸಾಲಿನ ಕಡೆಗೇ ನೋಡುತ್ತಿದ್ದರು. ನನಗೆ ಎದೆ ಉಬ್ಬಿ ಉಸಿರಾಡಲು ಜಾಗ ಸಾಲಲಿಲ್ಲ.

ಮುಂದೆ ನಗರಸಭೆಯ ಅಧ್ಯಕ್ಷರ ಭಾಷಣ. ಅವರಿಗೆ ಈ ಪದ್ಧತಿಯ ಗಂಧಗಾಳಿಯೂ ಇರಲಿಲ್ಲ. ಆದರೆ ಹೊಗಳಿಕೆ ಬಂದ ಮೇಲೆ ಬಿಡುತ್ತಾರೆಯೇ? ಗಂಟಲು ಸರಿಮಾಡಿಕೊಂಡು, ಇದು ನಮ್ಮ ಹಿರಿಯರ ಕಾಲದಿಂದ ನಡೆದುಬಂದದ್ದು, ಇಂದಿನ ಮಕ್ಕಳು ಮರೆಯುತ್ತಿದ್ದಾರೆ ಎಂದು ಬೇಸರವನ್ನೂ ಪಟ್ಟರು. ಪಕ್ಕದಲ್ಲಿದ್ದ ಮ್ಯಾನೇಜರಿಗೆ ಕೆಮ್ಮು ಹತ್ತಿಕೊಂಡಿತು.

ಸಂಜೆ ಮ್ಯಾನೇಜರು ಫೋನ್ ಕೋಣೆಗೆ ಬಂದರು. ಬಾಗಿಲು ಗಿಡ್ಡ, ತಲೆ ಬಗ್ಗಿಸಿಯೇ ಒಳಗೆ ಬರಬೇಕು.

“ಏನಮ್ಮ ಇದು?”

“ಪದ್ಧತಿ ಸಾರ್.”

“ಯಾವತ್ತಿಂದ?”

“ನಿನ್ನೆಯಿಂದ ಸಾರ್.”

ಬೈಗುಳ ಬರುತ್ತದೆ ಎಂದು ನಾನು ಕಾದೆ. ಅವರು ಅಂಗಿಯ ತೋಳನ್ನು ಮಡಿಸಿಕೊಂಡು ಮುಂಗೈ ಚಾಚಿದರು. ಆರು ವರ್ಷದಲ್ಲಿ ನನ್ನನ್ನು ಒಮ್ಮೆಯೂ ಮುಟ್ಟದ ಮನುಷ್ಯ, ಸಂಬಳದ ಲಕೋಟೆಯನ್ನೂ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದವರು. ಹಿಡಿದುಕೊಂಡೆ.

“ನಾಳೆಯಿಂದ ಬಾಗಿಲಲ್ಲೇ ಇರಿ,” ಅಂದರು.

ಇರು ಅನ್ನಲಿಲ್ಲ. ಇರಿ ಅಂದರು.

ನಿನ್ನ ಪಾಠ ಹೋಮವಾಯಿತು ಅಂದೆನಲ್ಲ, ಅದು ಪೂರ್ತಿ ನಿಜವಲ್ಲ. ಗುರುವಾರ ಹೊರಡುವಾಗ ಅವರ ಪರದೇಶದ ಶಿಸ್ತೆಲ್ಲ ಕರಗಿಹೋಗಿತ್ತು. ಒಬ್ಬೊಬ್ಬರೂ ತಮ್ಮ ಮನೆಯ ರೀತಿಯಲ್ಲೇ ವಿದಾಯ ಹೇಳಿದರು. ದ್ವೀಪದವಳೊಬ್ಬಳು ಹಣೆಗೆ ಹಣೆ ತಂದಾಗ ಹೊಸ ಹುಡುಗಿ ಹೆದರಿ ಹಿಂದೆ ಸರಿದಳು. ನಾನು ಮೂಗು ಕೊಟ್ಟು ನಿಂತೆ, ನಿನ್ನ ಈರುಳ್ಳಿ ನೆನಪಾಗಿ ನಗು ತಡೆದುಕೊಂಡೆ. ಒಬ್ಬಳು ಅಂಗೈ ಬೋಗುಣಿ ಮಾಡಿ ಚಪ್ಪಾಳೆ ತಟ್ಟಿದಳು. ಇನ್ನೊಬ್ಬಳು ಎದೆಯ ಮೇಲೆ ಕೈ ಇಟ್ಟು ಅಮ್ಮನ ಕ್ಷೇಮ ಕೇಳಿದಳು.

ಅಮ್ಮ ಅಲ್ಲೇ ಇದ್ದಳು. ಸುದ್ದಿ ಕೇಳಿ, ಮಂಡಿನೋವನ್ನು ಮನೆಯಲ್ಲೇ ಬಿಟ್ಟು ನಡೆದು ಬಂದಿದ್ದಳು. ಮನೆಗೆ ಯಾರಾದರೂ ಬಂದರೆ ‘ಕೈ ಒಳಗಿಟ್ಟುಕೊ’ ಎನ್ನುತ್ತಿದ್ದಳಲ್ಲ, ಅದೇ ಅಮ್ಮ. ಬಿಳಿ ಜಡೆಯ ದಾದಿ ಅವಳ ಮುಂಗೈ ಹಿಡಿದಾಗ, ಅವರ ಕಿವಿಗೆ ಬಗ್ಗಿ, ನಮ್ಮ ಭಾಷೆಯಲ್ಲೇ ಹೇಳಿದಳು:

“ಇವಳು ನನ್ನ ಮಗಳು.”

ಅವರಿಗೆ ಅರ್ಥವಾಯಿತು ಎಂದು ಕಾಣುತ್ತದೆ. ಹೂಂ ಎಂದರು.

ಅಕ್ಕ


೧೦ ಆಗಸ್ಟ್ ೧೯೮೬

ಅಕ್ಕಾ,

ಜೋರಾಗಿಯೇ ಓದಿದೆ. ಊಟದ ಮೇಜಿನ ಮೇಲೆ ನಿಲ್ಲಿಸಿ, ಸಾಲುಸಾಲಿಗೂ ಅರ್ಥ ಹೇಳಿಸಿ ಓದಿಸಿದರು. ‘ನಿನ್ನೆಯಿಂದ ಸಾರ್’ ಎನ್ನುವಲ್ಲಿ ಚುಕ್ಕಾಣಿಯವನು ಮೇಜು ಗುದ್ದಿದ ರಭಸಕ್ಕೆ ತಟ್ಟೆಗಳು ಹಾರಿದವು. ಎಣ್ಣೆಯವನಿಗೆ ಮಾತ್ರ ಸ್ವಲ್ಪ ಬೇಸರ, ತನ್ನ ಎದೆಯ ಸಲಹೆ ತಡವಾಗಿ ತಲುಪಿತಲ್ಲ ಎಂದು. ಆಮೇಲೆ, ಇದು ಅದಕ್ಕಿಂತ ಒಳ್ಳೆಯದೇ ಎಂದು ತಾನೇ ಒಪ್ಪಿದ. ಇದು ಸುಳ್ಳು ಹೇಳಿದ ಹಾಗಲ್ಲವೇ ಎಂದು ವೈರ್‌ಲೆಸ್‌ನವನು ಕೇಳಿದ. ಅವನದು ನಿಯಮದ ಮನಸ್ಸು. ಅಕ್ಕನನ್ನೇ ಕೇಳಿ ಹೇಳುತ್ತೇನೆ ಎಂದೆ.

ಇಲ್ಲಿಂದ ಮುಂದಿನದನ್ನು ನೀನು ಅಮ್ಮನಿಗೆ ಓದಬೇಡ. ನೀನು ಗೂಡಿನ ವಿಷಯ ಮುಚ್ಚಿಟ್ಟೆಯಲ್ಲ, ನಾನೂ ಒಂದು ಮುಚ್ಚಿಟ್ಟಿದ್ದೆ. ದೊಡ್ಡ ಬಾಣಸಿಗನ ಬಲಗೈ ಎಂದು ಬರೆದದ್ದು ಬರೀ ಬುರುಡೆ. ನಾನು ಆಲೂಗಡ್ಡೆ ಸುಲಿಯುವವನು. ಎಲ್ಲರೂ ದೋಸ್ತಿಗಳು ಎಂದದ್ದೂ ಬುರುಡೆ. ಹಡಗು ಹತ್ತಿದಂದಿನಿಂದ ಯಾರ ಜೊತೆಯೂ ನಾಲ್ಕು ಮಾತು ಆಡಿರಲಿಲ್ಲ. ಅವರ ಭಾಷೆ ನನಗೆ ಅರೆಬರೆ, ಕೇಳಲು ಅಂಜಿಕೆ. ಅವರು ಮೇಜಿನಲ್ಲಿ ಉಣ್ಣುವಾಗ ನಾನು ಉಗ್ರಾಣದಲ್ಲಿ ಆಲೂಗಡ್ಡೆ ಮೂಟೆಯ ಮೇಲೆ ಕೂತು ತಿನ್ನುತ್ತಿದ್ದೆ. ಮುಂದಿನ ಬಂದರಿನಲ್ಲಿ ಇಳಿದುಬಿಡುತ್ತೇನೆ ಎಂದು ತೀರ್ಮಾನಿಸಿ ಬಟ್ಟೆಯನ್ನೂ ಕಟ್ಟಿಟ್ಟಿದ್ದೆ. ಆ ಬಂದರಿನಲ್ಲೇ ನಿನ್ನ ಫೆಬ್ರವರಿಯ ಕಾಗದ ಸಿಕ್ಕಿದ್ದು.

ಅಕ್ಕ ಕೇಳಿದ್ದಾಳೆ, ಇಳಿಯುವ ಮುಂಚೆ ಒಬ್ಬನನ್ನಾದರೂ ಕೇಳಿ ಉತ್ತರ ಬರೆಯಬೇಕು ಎಂದು ಚುಕ್ಕಾಣಿಯವನ ಹತ್ತಿರ ಹೋದೆ. ಅವನು ಹಣೆಗೆ ಹಣೆ ಇಟ್ಟು ನಿಂತ ಎಂದು ಬರೆದಿದ್ದೆನಲ್ಲ. ಮನೆ ಬಿಟ್ಟ ಮೇಲೆ ಒಂದು ಮುಖ ಅಷ್ಟು ಹತ್ತಿರ ಬಂದದ್ದು ಅದೇ ಮೊದಲು. ಆಮೇಲೆ ಅವನೇ ನನ್ನನ್ನು ಕೈಹಿಡಿದು ಎಣ್ಣೆಯವನ ಹತ್ತಿರ ಕರೆದುಕೊಂಡು ಹೋದ, ಅವನು ವೈರ್‌ಲೆಸ್‌ನವನ ಹತ್ತಿರ. ಸಂಜೆಯ ಹೊತ್ತಿಗೆ ನಾನು ಮೇಜಿನಲ್ಲಿದ್ದೆ.

ಮೊನ್ನೆ ಕರಾರು ಮುಗಿಯಿತು. ಇನ್ನೊಂದು ವರ್ಷಕ್ಕೆ ರುಜು ಹಾಕಿದ್ದೇನೆ. ಈಗ ನಿಜವಾಗಿಯೂ ಒಲೆಯ ಮುಂದೆ ಇದ್ದೇನೆ, ಸೂಪು ನನ್ನದೇ. ಅಮ್ಮನಿಗೆ ಇದಷ್ಟನ್ನು ಓದು.

ನಿನ್ನ ತಮ್ಮ ಎಂದು ಈ ಹಡಗಿನಲ್ಲಿ ನನಗೆ ಈಗ ತುಂಬ ಮರ್ಯಾದೆ.

ಕಡ್ಡಿ


೨ ನವೆಂಬರ್ ೧೯೮೬

ಪ್ರೀತಿಯ ಕಡ್ಡಿ,

ಮೂಟೆಯ ಮೇಲೆ ಕೂತು ಉಂಡದ್ದನ್ನು ನನಗೂ ಹೇಳಲಿಲ್ಲವಲ್ಲ. ಬೈಯಬೇಕೆಂದುಕೊಂಡೆ. ಆದರೆ ಗೂಡಿನಲ್ಲಿ ಕೂತು ‘ಬಾಗಿಲಲ್ಲಿದ್ದೇನೆ’ ಎಂದು ಬರೆದವಳು ಯಾವ ಬಾಯಿಯಿಂದ ಬೈಯಲಿ? ಇಬ್ಬರೂ ಒಂದೇ ತಾಯಿಯ ಮಕ್ಕಳು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಅಮ್ಮನಿಗೆ ಪೂರ್ತಿ ಓದಿಬಿಟ್ಟೆ, ಕ್ಷಮಿಸು. ಅವಳು, ಅಂಜುಬುರುಕ ತಾನೇ ಎದ್ದು ಹೋಗಿ ಮಾತಾಡಿಸಿದನಲ್ಲ, ಬಲಗೈ ಆಗುವುದಕ್ಕಿಂತ ಅದೇ ದೊಡ್ಡದು ಎಂದಳು. ಬೀದಿಯಲ್ಲಿ ಈಗ ಆ ಕತೆಯೇ ನಡೆಯುತ್ತಿದೆ.

ನಿನ್ನ ವೈರ್‌ಲೆಸ್‌ನವನ ಪ್ರಶ್ನೆ ನನ್ನನ್ನೂ ಕಾಡಿತ್ತು. ಸುಳ್ಳೇ ಇರಬಹುದು ಎಂದು ಒಳಗೊಳಗೇ ಅಳುಕು ಇತ್ತು. ಇವತ್ತು ಬೆಳಿಗ್ಗೆ ನಡೆದದ್ದನ್ನು ಬರೆಯುತ್ತೇನೆ, ಅವನಿಗೆ ತೋರಿಸು.

ನಾನು ಮೇಜಿನ ಹಿಂದೆ ಬೀಗದಕೈಗಳನ್ನು ಹಲಗೆಗೆ ತೂಗುಹಾಕುತ್ತಿದ್ದೆ. ಹೊಸ ಹುಡುಗಿ ಬಾಗಿಲಲ್ಲಿದ್ದಳು. ಈಗ ನಾವಿಬ್ಬರೂ ಸರದಿಯಲ್ಲಿ ನಿಲ್ಲುತ್ತೇವೆ. ಬಟ್ಟೆ ವ್ಯಾಪಾರದವರೊಬ್ಬರು ಬಂದರು, ಈ ಊರಿಗೆ ಮೊದಲ ಸಲ. ಪೆಟ್ಟಿಗೆ ಕೆಳಗಿಟ್ಟು ಬಲಗೈ ಚಾಚಿದರು. ಅವಳು ಯೋಚನೆಯೇ ಇಲ್ಲದೆ ಅವರ ಅಂಗೈಯನ್ನು ದಾಟಿ ಮುಂಗೈಯನ್ನು ಹಿಡಿದಳು. ಅವರು ಬೆರಗಾಗಿ ನಕ್ಕು, ಇದೇನು ಹೊಸದು ಎಂದು ಕೇಳಿದರು.

“ಹೊಸದೇನಲ್ಲ ಸಾರ್,” ಅಂದಳು. “ನಮ್ಮಲ್ಲಿ ಮೊದಲಿನಿಂದ್ಲೂ ಹೀಗೇ.”

ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಅವರ ಕೋಣೆಯ ಬೀಗದಕೈ ತೆಗೆದುಕೊಟ್ಟೆ.

ಅಕ್ಕ